ಮೀನಖಂಡ ಹರಿದಾಗ ವಿಶ್ರಾಂತಿ ಯಾರಿಗೆ ಸಿಗುತ್ತೆ?

2025ರ ಜೂನ್ 16, ಎನ್‌ಬಿಎ ಫೈನಲ್ಸ್‌ನ ಐದನೇ ಪಂದ್ಯ. ಇಂಡಿಯಾನಾ ಪೇಸರ್ಸ್ ತಂಡದ ಟೈರೀಸ್ ಹಾಲಿಬರ್ಟನ್ ಬಲಗಾಲು ಎಳೆದುಕೊಂಡೇ ಆಡಿದರು. ಆರು ಸಲ ಬುಟ್ಟಿಗೆ ಗುರಿ ಇಟ್ಟರು, ಒಂದೂ ಬೀಳಲಿಲ್ಲ. ಮೀನಖಂಡದ ಸ್ನಾಯುಗೆ ಪೆಟ್ಟಾಗಿದೆ ಅಂತ ಗೊತ್ತಾಯಿತು. ಮೂರು ದಿನದ ನಂತರ ಆರನೇ ಪಂದ್ಯಕ್ಕೆ ಇಳಿದರು, 14 ಪಾಯಿಂಟ್ ಗಳಿಸಿದರು, ತಂಡ ಗೆದ್ದಿತು. ಎಲ್ಲರೂ ವಾಹ್ ಅಂದರು. ಇನ್ನು ಮೂರು ದಿನ ಕಳೆದು ಏಳನೇ ಪಂದ್ಯ. ನಮ್ಮಲ್ಲಿ ಆಗ ಜೂನ್ 23ರ ಬೆಳಗಿನ ಆರು ಗಂಟೆ ಹೊತ್ತು, ಕೆಜಿಎಫ್‌ನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ರೈಲಿಗೆ ಓಡುವ ಸಮಯ. ಏಳು ನಿಮಿಷದಲ್ಲಿ ಮೂರು ತ್ರೀ-ಪಾಯಿಂಟರ್ ಹೊಡೆದಿದ್ದ ಹಾಲಿಬರ್ಟನ್, ಚೆಂಡು ಹಿಡಿದು ಮುಂದಕ್ಕೆ ನುಗ್ಗಲು ಬಲಗಾಲು ಒತ್ತಿದ್ದೇ ತಡ, ನೆಲಕ್ಕೆ ಬಿದ್ದು ಅಂಗೈಯಿಂದ ಕೋರ್ಟನ್ನು ಬಡಿಯತೊಡಗಿದರು. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ಅದರ ಮುಂದಿನ ಸೀಸನ್ ಪೂರ್ತಿ ಅವರು ಆಡಲಿಲ್ಲ.

ಆ ವಿಡಿಯೊ ನೋಡಿದ ಬಹಳಷ್ಟು ಜನಕ್ಕೆ ಇನ್ನೊಂದು ವಿಡಿಯೊ ನೆನಪಾಯಿತು. 2019ರ ಮೇ 8ರಂದು ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಕೆವಿನ್ ಡ್ಯುರಾಂಟ್ ಬಲ ಮೀನಖಂಡಕ್ಕೆ ಪೆಟ್ಟು ಮಾಡಿಕೊಂಡು ಹೊರಗೆ ಕೂತರು. ಫೈನಲ್ಸ್‌ನಲ್ಲಿ ತಂಡ 3-1ರಿಂದ ಹಿಂದೆ ಬಿದ್ದಾಗ, ಜೂನ್ 10ರಂದು ಮತ್ತೆ ಅಂಗಳಕ್ಕೆ ಬಂದರು. ಮಧ್ಯೆ ಇದ್ದದ್ದು 33 ದಿನ. ಸುಮಾರು 12 ನಿಮಿಷ ಆಡಿ 11 ಪಾಯಿಂಟ್ ಗಳಿಸಿದರು, ಎರಡನೇ ಕ್ವಾರ್ಟರಿನಲ್ಲಿ ಅದೇ ಕಾಲಿನ ಅಕಿಲಿಸ್ ಹೋಯಿತು. ತಂಡದ ಆಡಳಿತ ನೋಡಿಕೊಳ್ಳುತ್ತಿದ್ದ ಬಾಬ್ ಮೈಯರ್ಸ್ ಅವತ್ತು ಪತ್ರಕರ್ತರ ಮುಂದೆ ಕಣ್ಣೀರು ಹಾಕಿ, ಯಾರನ್ನಾದರೂ ದೂರಬೇಕಿದ್ದರೆ ತನ್ನನ್ನೇ ದೂರಿ ಅಂದರು.

ಕೋಟ್ಯಂತರ ರೂಪಾಯಿಯ ವೈದ್ಯಕೀಯ ತಂಡ ಜೊತೆಗಿದ್ದವರ ಕಥೆಯೇ ಹೀಗಾದರೆ, ಬಂಗಾರಪೇಟೆಯ ಸಿಮೆಂಟ್ ಕೋರ್ಟಿನಲ್ಲಿ ಆಡುವ ಹುಡುಗಿಯ ಮೀನಖಂಡ 'ಚಟ್' ಅಂದರೆ ಏನು ಮಾಡಬೇಕು? ಅದನ್ನು ಹೇಳುವ ಮೊದಲು ಒಳಗೆ ಏನಿದೆ ಅಂತ ನೋಡೋಣ.

ಮಂಡಿಯ ಹಿಂದೆ ಕೆಳಗಡೆ ಉಬ್ಬಿಕೊಂಡಿರುವ ಮೀನಖಂಡ ಹೊರಗಿನಿಂದ ಒಂದೇ ಮುದ್ದೆಯಂತೆ ಕಂಡರೂ ಒಳಗೆ ಮುಖ್ಯವಾಗಿ ಎರಡು ಸ್ನಾಯು. ಮೇಲಿನದು ಗ್ಯಾಸ್ಟ್ರೋಕ್ನೀಮಿಯಸ್. ಅದು ಮಂಡಿಯ ಮೇಲಿಂದ ಶುರುವಾಗಿ ಹಿಮ್ಮಡಿಯವರೆಗೆ ಬರುತ್ತೆ, ಅಂದರೆ ಎರಡು ಕೀಲು ದಾಟುತ್ತೆ. ಜಿಗಿತ, ದಿಢೀರ್ ಓಟ ಇದರ ಕೆಲಸ. ಅದರ ಅಡಿಯಲ್ಲಿ ಚಪ್ಪಟೆಯಾಗಿ ಸೋಲಿಯಸ್ ಇದೆ. ಅದು ದಾಟುವುದು ಪಾದದ ಕೀಲನ್ನು ಮಾತ್ರ. ನಿಲ್ಲೋದು, ನಡೆಯೋದು, ದಣಿಯದೆ ಓಡೋದು ಇದರ ಪಾಲು. ಓಡುವಾಗ ಸೋಲಿಯಸ್ ಮೇಲೆ ಮೈತೂಕದ ಆರೇಳು ಪಟ್ಟು ಬಲ ಬೀಳುತ್ತೆ ಅಂದರೆ ನಂಬೋದು ಕಷ್ಟ, ಆದರೆ ನಿಜ. ಎರಡೂ ಕೆಳಗೆ ಸೇರಿ ಒಂದೇ ಹುರಿಯಾಗುತ್ತವೆ. ಅದೇ ಅಕಿಲಿಸ್.

ಕೆಜಿಎಫ್‌ನವರಿಗೆ ಇದನ್ನು ವಿವರಿಸೋದು ಸುಲಭ. ಶಾಫ್ಟಿನ ಮೇಲೆ ವೈಂಡರ್ ಇರುತ್ತಿತ್ತಲ್ಲ, ಕೇಜನ್ನು ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಇಳಿಸಿ ಮೇಲೆತ್ತುವ ಯಂತ್ರ? ಮೀನಖಂಡ ಆ ವೈಂಡರ್, ಅಕಿಲಿಸ್ ಅದರ ಉಕ್ಕಿನ ಹಗ್ಗ. ಯಂತ್ರ ನಯವಾಗಿ ಎಳೆದು ನಯವಾಗಿ ಬ್ರೇಕ್ ಹಿಡಿದರೆ ಹಗ್ಗ ವರ್ಷಗಟ್ಟಲೆ ಬಾಳುತ್ತೆ. ಜರ್ಕ್ ಹೊಡೆಯೋಕೆ ಶುರು ಮಾಡಿದರೆ ಅದನ್ನು ತಿನ್ನೋದು ಹಗ್ಗವೇ. ಹೋಲಿಕೆಗೂ ಒಂದು ಮಿತಿ ಇದೆ ಅನ್ನಿ: ಸ್ನಾಯು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತೆ, ಯಂತ್ರಕ್ಕೆ ಆ ಭಾಗ್ಯ ಇಲ್ಲ.

ಬಾಸ್ಕೆಟ್‌ಬಾಲಿನಲ್ಲಿ ಈ ಗಾಯಕ್ಕೆ ಯಾರೂ ಡಿಕ್ಕಿ ಹೊಡೆಯಬೇಕಿಲ್ಲ. ಹಿಂದಕ್ಕಿಟ್ಟ ಕಾಲಿನ ಮಂಡಿ ನೆಟ್ಟಗಾಗುತ್ತಾ, ಹಿಮ್ಮಡಿ ಕೆಳಗಿಳಿಯುತ್ತಾ ಇರುವ ಕ್ಷಣದಲ್ಲೇ ಮುಂದಕ್ಕೆ ಒತ್ತಿ ಚಿಮ್ಮಬೇಕು. ಸ್ನಾಯು ಒಂದು ಕಡೆ ಉದ್ದ ಆಗ್ತಾ ಇರುತ್ತೆ, ಇನ್ನೊಂದು ಕಡೆ ಕುಗ್ಗೋಕೆ ಒದ್ದಾಡುತ್ತೆ. ಎಳೆಗಳು ಅಲ್ಲೇ ಹರಿಯುತ್ತವೆ. ಹಿಂದಿನಿಂದ ಯಾರೋ ಒದ್ದರು ಅನ್ನಿಸಿ ತಿರುಗಿ ನೋಡಿದೆ, ಯಾರೂ ಇರಲಿಲ್ಲ ಅಂತ ಆಟಗಾರರು ಹೇಳೋದು ಇದನ್ನೇ. ಅಕಿಲಿಸ್ ಹರಿದಾಗಲೂ ಅನುಭವ ಹೀಗೇ ಇರುತ್ತೆ. ಹಾಗಾಗಿ 'ಸ್ನಾಯು ಹಿಡಿದುಕೊಂಡಿದೆ ಅಷ್ಟೇ' ಅಂತ ನಾವೇ ತೀರ್ಪು ಕೊಡೋದು ಅಪಾಯ. ಬೋರಲು ಮಲಗಿಸಿ, ಪಾದ ಮಂಚದ ಅಂಚಿನಾಚೆ ಬರುವಂತೆ ಬಿಟ್ಟು, ವೈದ್ಯರು ಮೀನಖಂಡವನ್ನು ಹಿಂಡಿ ನೋಡುತ್ತಾರೆ. ಹಿಂಡಿದಾಗ ಪಾದ ಅಲುಗಿದರೆ ಹಗ್ಗ ಸಾಮಾನ್ಯವಾಗಿ ಗಟ್ಟಿ ಇದೆ, ಅಲುಗದಿದ್ದರೆ ಹರಿದಿರೋ ಸಂಭವ ಹೆಚ್ಚು. ಇದಕ್ಕೆ ಸ್ಕ್ಯಾನ್ ಬೇಕಿಲ್ಲ, ತಿಳಿದ ಕೈ ಸಾಕು.

ಎಷ್ಟು ದಿನ ಬೇಕು? ಎಲ್ಲರೂ ಕೇಳೋದು ಇದೊಂದೇ. ಒಂದಿಷ್ಟು ಎಳೆ ಮಾತ್ರ ಹೋಗಿದ್ದರೆ ಒಂದರಿಂದ ಮೂರು ವಾರ. ಕಣ್ಣಿಗೆ ಕಾಣುವ ಹರಿತ ಇದ್ದರೆ ನಾಲ್ಕರಿಂದ ಎಂಟು ವಾರ. ಪೂರ್ತಿ ಹರಿದರೆ ಮೂರು ನಾಲ್ಕು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಅಕಿಲಿಸ್ ಹರಿದರೆ ಲೆಕ್ಕವೇ ಬೇರೆ, ಒಂಬತ್ತು ತಿಂಗಳಿಂದ ವರ್ಷ. ಡ್ಯುರಾಂಟ್ ಮತ್ತೆ ಪಂದ್ಯಕ್ಕಿಳಿದದ್ದು 2020ರ ಡಿಸೆಂಬರ್ 22ಕ್ಕೆ, ಒಂದೂವರೆ ವರ್ಷದ ಮೇಲೆ (ಮಧ್ಯೆ ಕೋವಿಡ್ ಕೂಡ ಬಂದಿತ್ತು).

ಈ ಲೆಕ್ಕಗಳಿಗಿಂತ ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಒಂದಿದೆ. ನೋವು ಹೋಗೋದು ಮೊದಲು, ಶಕ್ತಿ ಬರೋದು ಆಮೇಲೆ. ಹರಿದ ಜಾಗದ ಊತ, ನೋವು ಹೆಚ್ಚಾಗಿ ಒಂದೆರಡು ವಾರದಲ್ಲಿ ಇಳಿಯುತ್ತೆ. ಆದರೆ ಅಲ್ಲಿ ಹುಟ್ಟಿದ ಹೊಸ ಅಂಗಾಂಶ ಇನ್ನೂ ಹಸಿ ಸಿಮೆಂಟು. ನಡೆದರೆ ಏನೂ ಆಗಲ್ಲ, ಮೆಲ್ಲಗೆ ಓಡಿದರೂ ಆಗಲ್ಲ. ಒಂದು ಜೋರು ಚಿಮ್ಮುವಿಕೆಗೆ ಬಿಟ್ಟುಕೊಡುತ್ತೆ. 'ಈಗ ನೋವಿಲ್ಲ ಸಾರ್, ಆಡ್ತೀನಿ' ಅನ್ನುವ ಮಾತು ಸುಳ್ಳಲ್ಲ, ಆದರೆ ಅದರಿಂದ ಏನೂ ಸಾಬೀತಾಗಲ್ಲ. ಮೀನಖಂಡದ ಗಾಯ ಮತ್ತೆ ಆಗುವ ಸಾಧ್ಯತೆಯನ್ನು ಹೇಳುವ ಅತಿ ದೊಡ್ಡ ಸುಳಿವುಗಳು ಎರಡೇ: ವಯಸ್ಸು ಮತ್ತು ಹಿಂದೆ ಒಮ್ಮೆ ಗಾಯ ಆಗಿರೋದು.

ಹಾಗಾದರೆ ಮೀನಖಂಡದ ಗಾಯದಿಂದಲೇ ಅಕಿಲಿಸ್ ಹರಿಯಿತಾ? ಸೋಷಿಯಲ್ ಮೀಡಿಯಾದಲ್ಲಿ ಇದನ್ನು ತೀರ್ಮಾನ ಆಗಿಹೋದ ವಿಷಯದ ಹಾಗೆ ಹೇಳ್ತಾರೆ. ನಾನು ಅಷ್ಟು ದೂರ ಹೋಗಲ್ಲ. 2025ರ ಮೇ 12ರಂದು ಬೋಸ್ಟನ್‌ನ ಜೇಸನ್ ಟೇಟಮ್‌ಗೂ ಅಕಿಲಿಸ್ ಹರಿಯಿತು, ಅದಕ್ಕೆ ಮೊದಲು ಆ ಕಾಲಿನ ಮೀನಖಂಡದ ಗಾಯದ ಸುದ್ದಿ ಇರಲಿಲ್ಲ. ಮೀನಖಂಡಕ್ಕೆ ಪೆಟ್ಟಾದ ಬಹುತೇಕರಿಗೆ ಅಕಿಲಿಸ್ ಹರಿಯೋದೇ ಇಲ್ಲ. ಆದರೂ ವೈಂಡರ್ ದುರ್ಬಲ ಆದಾಗ ಹಗ್ಗದ ಮೇಲೆ ಹೊರೆ ಬೀಳುವ ರೀತಿ ಬದಲಾಗುತ್ತೆ ಅನ್ನೋದು ತರ್ಕಕ್ಕೆ ಒಪ್ಪುವ ಮಾತು. ಕಾರಣ ಸಾಬೀತಾಗದಿದ್ದರೂ ಎಚ್ಚರ ತಪ್ಪಿಸಬೇಕಿಲ್ಲ. 2024ರ ಏಪ್ರಿಲ್ 9ರಂದು ಮಿಲ್ವಾಕಿಯ ಯಾನಿಸ್ ಆಂಟೆಟೊಕುಂಪೊಗೆ ಎಡಗಾಲಿನ ಸೋಲಿಯಸ್ ಹರಿದಾಗ ತಂಡ ಅವರನ್ನು ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಒಂದು ಪಂದ್ಯಕ್ಕೂ ಇಳಿಸಲಿಲ್ಲ. ಸರಣಿ ಸೋತರು. ಗೆದ್ದದ್ದು ಹಾಲಿಬರ್ಟನ್ ಅವರ ಪೇಸರ್ಸ್.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. 2016ರ ಫೆಬ್ರವರಿಯಲ್ಲಿ ಮಯಾಮಿ ಹೀಟ್‌ನ ಕ್ರಿಸ್ ಬಾಷ್ ಮೀನಖಂಡದ ಸ್ನಾಯು ಗಾಯ ಅಂತ ಆಲ್-ಸ್ಟಾರ್ ಪಂದ್ಯದಿಂದ ಹೊರಗುಳಿದರು. ಅದು ಸ್ನಾಯುವಲ್ಲ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ. ಹಿಂದಿನ ವರ್ಷವೇ ಅಂಥದ್ದು ಶ್ವಾಸಕೋಶಕ್ಕೆ ಹೋಗಿ ಆಸ್ಪತ್ರೆ ಸೇರಿದ್ದರು. 31ನೇ ವಯಸ್ಸಿನಲ್ಲಿ ಅವರ ಎನ್‌ಬಿಎ ಬದುಕು ಮುಗಿಯಿತು. ಜಿಗಿದ, ಓಡಿದ ನೆನಪಿಲ್ಲದೆ ಮೀನಖಂಡ ನೋಯ್ತಾ ಇದ್ದರೆ, ಒಂದೇ ಕಾಲು ಊದಿ ಬಿಸಿಯಾಗಿದ್ದರೆ, ಬಹಳ ಹೊತ್ತಿನ ಪ್ರಯಾಣದ ನಂತರ ಶುರುವಾಗಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರ ತುರ್ತು ಚಿಕಿತ್ಸೆಗೆ.

ತಿಕ್ಕೋ ವಿಷಯ ಬಂತು. ನಮ್ಮ ಕಡೆ ಕಾಲು ಹಿಡಿದುಕೊಂಡರೆ ಮೊದಲು ಬಿಸಿ ಎಣ್ಣೆ, ನೀವೋದು, ಆಮೇಲೂ ಕಡಿಮೆ ಆಗದಿದ್ದರೆ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸೋದು. ಪುತ್ತೂರು ಕಟ್ಟಿನ ಮೇಲೆ ಕೋಲಾರ ಜಿಲ್ಲೆಯ ಜನಕ್ಕಿರುವ ನಂಬಿಕೆಯನ್ನು ಗೇಲಿ ಮಾಡೋ ಉದ್ದೇಶ ನನಗಿಲ್ಲ. ಹತ್ತಿರದಲ್ಲಿ ಬೇರೇನೂ ಕೈಗೆಟುಕದಿದ್ದಾಗ ಹುಟ್ಟಿದ ನಂಬಿಕೆ ಅದು. ಆದರೆ ಇದು ಮೂಳೆಯ ಗಾಯ ಅಲ್ಲ. ಹೊಸದಾಗಿ ಹರಿದ ಸ್ನಾಯುವನ್ನು ನೀವಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತೆ. ವಾರಗಟ್ಟಲೆ ಬಿಗಿದು ಕಟ್ಟಿಟ್ಟರೆ ಒಳ್ಳೆಯ ಎಳೆಗಳೂ ಸೊರಗುತ್ತವೆ. ಮೊದಲ ಎರಡು ಮೂರು ದಿನ ಬೇಕಾದ್ದು ಇಷ್ಟೇ: ಆಟ ನಿಲ್ಲಿಸೋದು, ಕ್ರೇಪ್ ಬ್ಯಾಂಡೇಜ್ ಹದವಾಗಿ ಸುತ್ತೋದು, ಕಾಲು ಎತ್ತರಕ್ಕಿಡೋದು, ನೋವಿಗೆ ಬಟ್ಟೆಯಲ್ಲಿ ಸುತ್ತಿದ ಐಸು.

ಹೇಳೋಕೆ ಸುಲಭ. ಮೇಲೆ ಹೇಳಿದ ಬಂಗಾರಪೇಟೆಯ ಹುಡುಗಿ ಪಿಯುಸಿ ಓದುತ್ತಿದ್ದಾಳೆ ಅಂದುಕೊಳ್ಳೋಣ. ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಆಮೇಲೆ ರಾಜ್ಯ ಮಟ್ಟ, ಎಲ್ಲವೂ ಕೆಲವೇ ವಾರದ ಅಂತರದಲ್ಲಿ. ಸರ್ಟಿಫಿಕೇಟ್ ಸಿಕ್ಕರೆ ಕ್ರೀಡಾ ಕೋಟಾದಲ್ಲಿ ಸೀಟು. ಈ ವರ್ಷ ಬಿಟ್ಟರೆ ಕಾಲೇಜು ಮುಗಿಯಿತು. ಅವಳಿಗೆ ಆರು ವಾರ ವಿಶ್ರಾಂತಿ ಅಂದರೆ ಒಂದು ಸೀಟು ಕಳೆದುಕೊಳ್ಳೋದು. ಅಥವಾ ದಿನಾ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಗುತ್ತಿಗೆ ನೌಕರ, ಭಾನುವಾರ ಮಾತ್ರ ಆಡುವವನು. ಸೀಟು ಸಿಗದ ದಿನ ನಿಂತೇ ಹೋಗಬೇಕು, ಆ ನಿಂತಿರೋದೆಲ್ಲ ಸೋಲಿಯಸ್‌ನ ದುಡಿಮೆ. ಇಎಸ್‌ಐ ಇದ್ದರೆ ಅನಾರೋಗ್ಯಕ್ಕೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತೆ. ಆ್ಯಪ್ ಕಂಪನಿಗೆ ಡೆಲಿವರಿ ಮಾಡುವವನಾದರೆ? ರಜೆ ಹಾಕಿದ ದಿನ ಗಳಿಕೆ ಸೊನ್ನೆ.

ಡ್ಯುರಾಂಟ್ ಕಥೆಯ ಉಳಿದರ್ಧ ಇಲ್ಲಿ ಕೆಲಸಕ್ಕೆ ಬರುತ್ತೆ. ಅಕಿಲಿಸ್ ಹರಿದುಕೊಂಡು ಮೂರು ವಾರದೊಳಗೆ ಬ್ರೂಕ್ಲಿನ್ ತಂಡ ಅವರ ಜೊತೆ ನಾಲ್ಕು ವರ್ಷಕ್ಕೆ ಸುಮಾರು 164 ಮಿಲಿಯನ್ ಡಾಲರ್ ಒಪ್ಪಂದಕ್ಕೆ ಮುಂದಾಯಿತು. ಮೊದಲ ಸೀಸನ್ ಒಂದೂ ಪಂದ್ಯ ಆಡದಿದ್ದರೂ ಸಂಬಳ ಬಂತು. ಅವರ ಪ್ರತಿಭೆ ಒಂದು ಕಾರಣ, ಸರಿ. ಗಾಯಗೊಂಡರೂ ಒಪ್ಪಂದದ ಹಣ ನಿಲ್ಲದಂತೆ ಎನ್‌ಬಿಎ ಆಟಗಾರರ ಸಂಘ ದಶಕಗಳ ಕಾಲ ಮಾಲೀಕರ ಜೊತೆ ಗುದ್ದಾಡಿದ್ದು ಇನ್ನೊಂದು ಕಾರಣ. ವಿಶ್ರಾಂತಿಯನ್ನು ಚೌಕಾಸಿ ಮಾಡಿ ಗೆದ್ದುಕೊಂಡವರೂ ಫೈನಲ್ಸ್ ಅಂದಾಗ ಕುಂಟುತ್ತಾ ಇಳಿಯುತ್ತಾರೆ. ಹಾಲಿಬರ್ಟನ್ ಅಂತೂ ಮತ್ತೆ ಅವಕಾಶ ಸಿಕ್ಕರೂ ಹಾಗೇ ಮಾಡ್ತೀನಿ ಅಂದರು, ಅದು ಅವರ ಆಯ್ಕೆ. ನಮ್ಮ ಹುಡುಗಿಗೆ ಆಯ್ಕೆಯೇ ಇಲ್ಲ, ಅವಳ ಕಡೆಯಿಂದ ಬೇಡ ಅನ್ನೋಕೆ ಒಬ್ಬ ಫಿಸಿಯೋಥೆರಪಿಸ್ಟ್ ಕೂಡ ಬೆಂಚಿನಲ್ಲಿ ಇರಲ್ಲ.

ಕೆಜಿಎಫ್‌ನಲ್ಲಿ ಈ ಮಾತಿಗೆ ಇನ್ನೂ ಒಂದು ಪದರ ಇದೆ. ದುಡಿಯುವ ದೇಹಗಳಿಗೆ ಅಂತಲೇ ಇಲ್ಲಿ ಗಣಿ ಕಂಪನಿಯ ದೊಡ್ಡ ಆಸ್ಪತ್ರೆ ಇತ್ತು. 2001ರಲ್ಲಿ ಬಿಜಿಎಂಎಲ್ ಮುಚ್ಚಿದಾಗ ಅದೂ ಪಾಳು ಬಿತ್ತು. 2021ರ ಕೋವಿಡ್ ಅಲೆಯಲ್ಲಿ ಸ್ವಯಂಸೇವಕರು ಪೊರಕೆ ಹಿಡಿದು ಗುಡಿಸಿ ಮತ್ತೆ ತೆರೆಯಬೇಕಾಯಿತು. ಇವತ್ತು ತಜ್ಞರಿಗೆ ತೋರಿಸಬೇಕು ಅಂದರೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ, ಟಮಕದ ಮೆಡಿಕಲ್ ಕಾಲೇಜು, ಇಲ್ಲವೇ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರು. ಕ್ರೀಡಾಂಗಣಕ್ಕೆ ಕಾಂಕ್ರೀಟ್ ಸುರಿಯೋಕೆ ಸಿಗುವ ಅನುದಾನದಲ್ಲಿ ಒಂದು ಚೂರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಕಾಯಂ ಫಿಸಿಯೋಥೆರಪಿಸ್ಟ್ ಹುದ್ದೆಗೆ ಇಡಿ ಅಂತ ಕೇಳೋದು ದೊಡ್ಡ ಬೇಡಿಕೆಯೇನಲ್ಲ. ವೈದ್ಯಕೀಯ ಕಾರಣಕ್ಕೆ ಆಯ್ಕೆ ಪಂದ್ಯ ತಪ್ಪಿಸಿಕೊಂಡವರಿಗೆ ಇನ್ನೊಂದು ಟ್ರಯಲ್ ಕೊಡಿ ಅನ್ನೋದಕ್ಕಂತೂ ಕಾಸೂ ಖರ್ಚಾಗಲ್ಲ.

ಅಲ್ಲಿಯವರೆಗೆ? ಗುಣವಾಗುವ ಕೆಲಸಕ್ಕೆ ಯಂತ್ರ ಬೇಕಿಲ್ಲ ಅನ್ನೋದೊಂದು ಸಮಾಧಾನ. ಒಂದು ಮೆಟ್ಟಿಲು ಸಾಕು. ಇದು ಸ್ನಾಯುವಿನದೇ ಗಾಯ ಅಂತ ವೈದ್ಯರು ಹೇಳಿ, ಕುಂಟದೆ ನಡೆಯೋಕೆ ಬಂದ ಮೇಲೆ, ಗೋಡೆ ಹಿಡಿದು ಎರಡೂ ಕಾಲಲ್ಲಿ ಹಿಮ್ಮಡಿ ಎತ್ತಿ, ನಿಧಾನ ಇಳಿಸಿ. ಮಂಡಿ ನೆಟ್ಟಗಿಟ್ಟು ಒಂದಷ್ಟು, ಮಂಡಿ ಬಾಗಿಸಿ ಒಂದಷ್ಟು. ಬಾಗಿಸಿದಾಗ ಹೆಚ್ಚು ದುಡಿಯೋದು ಸೋಲಿಯಸ್, ಬಹಳ ಜನ ಬಿಟ್ಟುಬಿಡೋದು ಇದನ್ನೇ. ಆಮೇಲೆ ಒಂದೇ ಕಾಲಲ್ಲಿ. ಗಾಯವಾದ ಕಾಲಲ್ಲಿ ನೋವಿಲ್ಲದೆ 20-25 ಸಲ ಎತ್ತೋಕೆ ಆಗಬೇಕು, ಅದೂ ಇನ್ನೊಂದು ಕಾಲಿನಷ್ಟೇ ಎತ್ತರಕ್ಕೆ. ನಂತರ ಒಂಟಿಗಾಲಿನ ಕುಪ್ಪಳಿಕೆ, ನೇರ ಓಟ, ಕೊನೆಗೆ ದಿಕ್ಕು ಬದಲಿಸುವ ಓಟ, ಅದಾದ ಮೇಲಷ್ಟೇ ಪಂದ್ಯ. ಒಂದೊಂದು ಹಂತಕ್ಕೂ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಯಲ್ಲೇ ಫಲಿತಾಂಶ ಗೊತ್ತಾಗುತ್ತೆ: ನಿನ್ನೆಗಿಂತ ಬಿಗಿತ, ನೋವು ಜಾಸ್ತಿ ಇದ್ದರೆ ಒಂದು ಹಂತ ಹಿಂದಕ್ಕೆ ಹೋಗಿ ಎರಡು ದಿನ ಅಲ್ಲೇ ಇರಿ.