ಸೋಮನಾಥಪುರದ ಹಂಸಪಟ್ಟಿ, ಹದಿನಾರಿನ ಹೆಬ್ಬಾತು

ಕೋಲಾರ ಜಿಲ್ಲೆಯ ಟೇಕಲ್ ಕಡೆಯವರಿಗೆ ಕಲ್ಲೆಂದರೆ ಗುಡ್ಡದ ಗಟ್ಟಿ ಬಂಡೆ. ಉಳಿ ಇಟ್ಟರೆ ಕಿಡಿ ಹಾರಬೇಕು. ಆ ಕಣ್ಣಿಗೆ ಸೋಮನಾಥಪುರದ ಬಳಪದ ಕಲ್ಲು ಬೆಣ್ಣೆಯಂತೆ ಕಾಣುತ್ತದೆ. 1258ರಲ್ಲಿ ಹೊಯ್ಸಳ ದೊರೆ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯವಿದು.

ಜಗತಿ ಹತ್ತಿ ಪ್ರದಕ್ಷಿಣೆ ಹೊರಟರೆ ಕೆಳಗಿನಿಂದ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು. ಬಂದವರು ಸಾಮಾನ್ಯವಾಗಿ ರಾಮಾಯಣ ಹುಡುಕುತ್ತಾ ಇಲ್ಲೇ ನಿಂತುಬಿಡುತ್ತಾರೆ. ಗರ್ಭಗುಡಿಗಳ ಹಿಂಭಾಗಕ್ಕೆ ಬನ್ನಿ. ಅಲ್ಲಿ ಮಕರಗಳ ಮೇಲೆ, ಎಲ್ಲಕ್ಕಿಂತ ಎತ್ತರದ ಪಟ್ಟಿಯಲ್ಲಿ ಹಂಸಗಳಿವೆ. ಬಾಗಿದ ಕೊರಳು, ತುಂಬಿದ ಎದೆ, ಗಿಡ್ಡ ಕಾಲು. ಬಾಲ ಮಾತ್ರ ಹಕ್ಕಿಯದ್ದಲ್ಲ. ಸುರುಳಿ ಸುರುಳಿಯಾಗಿ ಎದ್ದ ಎಲೆಬಳ್ಳಿ.

ಪುರಾಣದ ಹಂಸ ನಿಜವಾಗಿ ಯಾವ ಹಕ್ಕಿ? ಡಚ್ ವಿದ್ವಾಂಸ ಫೋಗೆಲ್ ಇದಕ್ಕೆಂದೇ ಪುಸ್ತಕ ಬರೆದು ಹೆಬ್ಬಾತಿನ ಪರ ನಿಂತರು; ಅದು ಪ್ರಕಟವಾದದ್ದು 1962ರಲ್ಲಿ. ಈ ಸಾಲು ನೋಡಿದರೆ ನನಗೂ ಹಾಗೇ ಅನ್ನಿಸುತ್ತದೆ: ಮೈಕಟ್ಟು ಕೆರೆಯದ್ದು, ಬಾಲ ಶಿಲ್ಪಿಯದ್ದು.

ಕೆರೆಯ ಹಕ್ಕಿಯನ್ನೂ ನೋಡಬೇಕೆಂದರೆ ನಂಜನಗೂಡು ತಾಲ್ಲೂಕಿನ ಹದಿನಾರಿಗೆ ಹೋಗಬೇಕು. ಒಡೆಯರ್ ವಂಶದ ಮೂಲದ ಕಥೆ ಹೇಳುವ ಊರು. ಚಳಿಗಾಲದಲ್ಲಿ ಇಲ್ಲಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ; ಕಲ್ಲಿನಲ್ಲಿ ಇವಿಲ್ಲ. ಮಂಗೋಲಿಯಾದಲ್ಲಿ ಕೊರಳಿಗೆ ಸಂಖ್ಯೆಯ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡಿದ್ದೂ ಉಂಟು. ಹಗಲು ನೀರಲ್ಲಿ ವಿಶ್ರಾಂತಿ, ಕತ್ತಲಾಗುತ್ತಲೇ ಮೇಯಲು ಹೊಲಗಳತ್ತ. ಬೆಳೆ ಕಳೆದುಕೊಳ್ಳುವ ರೈತ ಅವುಗಳನ್ನು ಬ್ರಹ್ಮನ ವಾಹನವೆಂದು ಕೈಮುಗಿಯುತ್ತಾನೆಂದು ನಿರೀಕ್ಷಿಸಬಾರದು.

ಈ ಹೆಬ್ಬಾತು ಜಗತ್ತಿನಿಂದ ಅಳಿಯುವ ಅಂಚಿಗೆ ಬಂದಿಲ್ಲ. ಆತಂಕ ಇರುವುದು ಅದು ಇಳಿಯುವ ಕೆರೆಗಳ ಬಗ್ಗೆ: ಒತ್ತುವರಿ, ಹೂಳು, ಕೊಳಚೆ. ಕಲ್ಲಿನ ಹಂಸಗಳಿಗೆ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಇದೇ ಹೆಬ್ಬಾತು ಬರುವ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಆ ಪಟ್ಟಿಯಲ್ಲಿ ಹದಿನಾರಿನ ಹೆಸರಿಲ್ಲ.

ಹೋಗುವವರು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಗುಡಿಯನ್ನು ಮೊದಲು ನೋಡಿ, ಕೆರೆಯನ್ನು ಆಮೇಲೆ. ಏರಿಯ ಮೇಲೆಯೇ ನಿಲ್ಲಿ. ಫೋಟೊಗೆಂದು ನೀರಿನಂಚಿಗೆ ಇಳಿದರೆ ಇಡೀ ಹಿಂಡು ಎದ್ದು ಹಾರುತ್ತದೆ.