ಕೊಟ್ಟವರು, ಪಡೆದವರು

ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಶಾಸನವೊಂದು, ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನು ಅಲ್ಲಿಯ ವೀರಸೋಮನಾಥ ದೇವಾಲಯಕ್ಕೆ ಗೋಗಾವೆಯೆಂಬ ಊರನ್ನು ದತ್ತಿಯಾಗಿ ಕೊಟ್ಟನೆಂದು ತಿಳಿಸುತ್ತದೆ. ಪದಗಳನ್ನು ಹಿಂದುಮುಂದು ಮಾಡಿ ಓದಿರಿ: ‘ಊರನ್ನು ದೇವಾಲಯಕ್ಕೆ ರಾಜನು ಕೊಟ್ಟನು’. ಅರ್ಥ ಕೆಡುವುದಿಲ್ಲ. ಪಡೆದವರು ವಾಕ್ಯದಲ್ಲಿ ಎಲ್ಲಿಯೇ ಇರಲಿ, ‘ಗೆ’, ‘ಕ್ಕೆ’ ಪ್ರತ್ಯಯಗಳು ಅವರನ್ನು ತೋರಿಸಿಕೊಡುತ್ತವೆ. ಈ ಚತುರ್ಥೀ ವಿಭಕ್ತಿಯು ಸೂಚಿಸುವ ಕಾರಕಕ್ಕೆ ವೈಯಾಕರಣರು ಇಟ್ಟ ಹೆಸರೇ ಸಂಪ್ರದಾನ, ಅದರಲ್ಲಿಯೇ ದಾನವಿದೆ.

ಇಂಗ್ಲಿಷಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ‘ದ ಕಿಂಗ್ ಗೇವ್ ದ ಟೆಂಪಲ್ ಎ ವಿಲೇಜ್’ ಎಂದರೆ ದೇವಾಲಯಕ್ಕೆ ಊರು ದೊರೆಯಿತು. ‘ದ ಕಿಂಗ್ ಗೇವ್ ದ ವಿಲೇಜ್ ಎ ಟೆಂಪಲ್’ ಎಂದರೆ ಊರಿಗೆ ದೇವಾಲಯ ದೊರೆಯಿತು! ಪದಗಳು ಸ್ಥಾನ ಬದಲಿಸಿದೊಡನೆ ದತ್ತಿಯೇ ಬದಲಾಯಿತು. ಕೊಡುವ ವಸ್ತುವನ್ನು ಮೊದಲು ಹೇಳುವುದಾದರೆ ‘ಗೇವ್ ಎ ವಿಲೇಜ್ ಟು ದ ಟೆಂಪಲ್’ ಎಂದು ‘ಟು’ ಸೇರಿಸಬೇಕು. ಸೆಂಡ್, ಶೋ, ಲೆಂಡ್ ಎಂಬ ಕ್ರಿಯಾಪದಗಳೂ ಹೀಗೆಯೇ ನಡೆಯುತ್ತವೆ. ‘ಡೊನೇಟ್’ ಮಾತ್ರ ತುಸು ಬಿಗುಮಾನದ ಪದ. ಪಡೆಯುವವರನ್ನು ಹೇಳುವಾಗ ಅದು ‘ಟು’ವನ್ನು ಬಿಟ್ಟುಕೊಡದು.

ಸವಣೂರಿನ ವೀಳ್ಯದೆಲೆ ಹೆಸರುವಾಸಿಯಾದುದು. ‘ನನಗೆ ಎಲೆ ಕೊಡಿರಿ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ ನಮ್ಮ ‘ಗೆ’ಯ ಅಭ್ಯಾಸವು ‘ಗಿವ್ ಟು ಮಿ ಲೀವ್ಸ್’ ಎಂದು ನುಡಿಸುತ್ತದೆ. ‘ಗಿವ್ ಮಿ ಲೀವ್ಸ್’ ಎಂದರೆ ಸಾಕು. ಅಲ್ಲಿ ‘ಮಿ’ ನಿಂತ ಸ್ಥಾನವೇ ‘ಗೆ’ಯ ಕೆಲಸವನ್ನು ಮಾಡುತ್ತದೆ.