ಗೆರೆ ಎಳೆಯುವುದಲ್ಲ, ಬೆಳೆಸುವುದು

ಕೋಳಿಜುಟ್ಟಿನ ಹೂವಿನ ಅಂಚು ಎಷ್ಟು ಮಡಿಕೆ ಬಿದ್ದರೂ ತನ್ನನ್ನು ತಾನು ಹಾದುಹೋಗುವುದಿಲ್ಲ. ಮಿದುಳಿನ ಸುಕ್ಕು, ಹೊಟ್ಟೆಯೊಳಗೆ ಸುತ್ತಿಕೊಂಡ ಕರುಳು, ಕೆಲವು ಹವಳಗಳ ಮೇಲ್ಮೈ, ಇವೆಲ್ಲವೂ ಅದೇ ಬಗೆಯವು. ಒಂದು ಪುಟ್ಟ ವೃತ್ತವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು, ಅದು ಹೀಗೆಯೇ ಮಡಿಚುತ್ತ, ತಿರುಗುತ್ತ, ತನಗೆ ತಾನು ತಾಕದೆ ಬೆಳೆಯುವಂತೆ ಮಾಡುವುದು ಇಂದಿನ ವಿನ್ಯಾಸಕಲಿಕೆಯ ಒಂದು ಆಕರ್ಷಕ ಪಾಠ. ಇದನ್ನು ಹೆಚ್ಚಿನವರು ಕಲಿಯಲು ಹೊರಡುವುದು ರೈನೋ ಎಂಬ ತಂತ್ರಾಂಶದೊಳಗಿನ ಗ್ರಾಸ್‌ಹಾಪರ್‌ನಲ್ಲಿ. ಡೇವಿಡ್ ರುಟ್ಟನ್ 2007ರಲ್ಲಿ ರೂಪಿಸಿದ ಈ ಸಾಧನದಲ್ಲಿ ಕೋಡ್ ಸಾಲುಗಳ ಬದಲು ಪೆಟ್ಟಿಗೆಗಳನ್ನು ತಂತಿಗಳಿಂದ ಜೋಡಿಸುತ್ತಾರೆ. ಒಂದು ಅಳತೆ ಬದಲಿಸಿದರೆ ಇಡೀ ವಿನ್ಯಾಸ ಬದಲಾಗುತ್ತದೆ.

ಶಿವಮೊಗ್ಗದ ಕಾಲೇಜುಗಳಲ್ಲಿ, ಭದ್ರಾವತಿಯ ಕಾಗದನಗರದ ಮನೆಗಳಲ್ಲಿ ಕುಳಿತು ಇದನ್ನು ಕಲಿಯಬಯಸುವ ಮಕ್ಕಳಿಗೆ ಅಡ್ಡಬರುವುದು ಬುದ್ಧಿಯ ಕೊರತೆಯಲ್ಲ, ಕೆಲವು ತಪ್ಪು ಕಲ್ಪನೆಗಳು. ಅವನ್ನು ಒಂದೊಂದಾಗಿ ಬಿಡಿಸೋಣ.

ತಪ್ಪು ಕಲ್ಪನೆ 1: ತಂತ್ರಾಂಶದಲ್ಲಿ ಇದಕ್ಕೊಂದು ಬಟನ್ ಇದೆ, ಅದು ಎಲ್ಲಿದೆ ಎಂದು ಗೊತ್ತಾದರೆ ಸಾಕು

ವಾಸ್ತವ: ಅಂಥ ಬಟನ್ ಇಲ್ಲ. ಇರುವುದು ಮೂರು ಪುಟ್ಟ ನಿಯಮಗಳು. ಗೆರೆಯನ್ನು ಬಿಂದುಗಳ ಸರಣಿ ಎಂದು ತಿಳಿಯಿರಿ. ಒಂದು, ಪ್ರತಿ ಬಿಂದುವೂ ತನ್ನ ಎಡಬಲದ ಇಬ್ಬರು ನೆರೆಯವರ ನಡುಮಧ್ಯಕ್ಕೆ ಸ್ವಲ್ಪ ಸರಿಯಬೇಕು. ಎರಡು, ಗೊತ್ತುಮಾಡಿದ ದೂರಕ್ಕಿಂತ ಹತ್ತಿರ ಬಂದ ಬೇರೆ ಯಾವುದೇ ಬಿಂದುವಿನಿಂದ ಅದು ದೂರ ಸರಿಯಬೇಕು. ಮೂರು, ಎರಡು ಬಿಂದುಗಳ ನಡುವಿನ ತುಂಡು ಮಿತಿಗಿಂತ ಉದ್ದವಾದರೆ ಅದರ ನಡುವೆ ಹೊಸ ಬಿಂದು ಹುಟ್ಟಬೇಕು.

ಇಷ್ಟನ್ನೇ ಸಾವಿರಾರು ಬಾರಿ ಮಾಡಿದರೆ ಗೆರೆ ಬೆಳೆಯುತ್ತದೆ. ದೂರ ತಳ್ಳುವ ಬಲ ತುಂಡುಗಳನ್ನು ಉದ್ದ ಮಾಡುತ್ತದೆ, ಉದ್ದವಾದ ತುಂಡು ಒಡೆದು ಹೊಸ ಬಿಂದು ಬರುತ್ತದೆ, ಹೊಸ ಬಿಂದುವಿನಿಂದ ಮತ್ತೆ ಇಕ್ಕಟ್ಟಾಗುತ್ತದೆ, ಇಕ್ಕಟ್ಟಿನಿಂದ ಮತ್ತೆ ತಳ್ಳಾಟ. ಮಡಿಕೆ ಎಲ್ಲಿ ಬೀಳಬೇಕು ಎಂದು ಯಾರೂ ಹೇಳಿಲ್ಲ. ಅದು ಈ ತಳ್ಳಾಟದ ಫಲ. ನಿಯಮಗಳನ್ನು ಬಾಯಲ್ಲಿ ಹೇಳಬಲ್ಲವರಿಗೆ ಯಾವ ತಂತ್ರಾಂಶವಾದರೂ ಆದೀತು. ಹೇಳಲಾಗದವರಿಗೆ ಬೇರೆಯವರ ಫೈಲ್ ತೆರೆದು ಸ್ಲೈಡರ್ ಎಳೆಯುವುದಷ್ಟೇ ಉಳಿಯುತ್ತದೆ.

ತಪ್ಪು ಕಲ್ಪನೆ 2: ಬೆಳೆಯುವುದೆಂದರೆ ಆಕಾರ ದೊಡ್ಡದಾಗುವುದು

ವಾಸ್ತವ: ವೃತ್ತವನ್ನು ಎರಡರಷ್ಟು ಹಿಗ್ಗಿಸಿದರೆ ದೊಡ್ಡ ವೃತ್ತ ಬರುತ್ತದೆ, ಮಡಿಕೆ ಬರುವುದಿಲ್ಲ. ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಬೆಳೆದಾಗ ಮಾತ್ರ ಮಡಿಕೆ ಹುಟ್ಟುತ್ತದೆ. 10 ಸೆಂ.ಮೀ. ತ್ರಿಜ್ಯದ ವೃತ್ತದ ಸುತ್ತಳತೆ ಸುಮಾರು 63 ಸೆಂ.ಮೀ. ಅದೇ ಜಾಗದೊಳಗೆ 120 ಸೆಂ.ಮೀ. ಗೆರೆ ಇರಬೇಕೆಂದರೆ ಅದು ಒಳಗೂ ಹೊರಗೂ ಬಾಗಲೇಬೇಕು.

ಇದಕ್ಕೆ ಕಾಗದನಗರಕ್ಕಿಂತ ಒಳ್ಳೆಯ ಪಾಠಶಾಲೆ ಬೇಡ. ಈ ಊರು ಹುಟ್ಟಿದ್ದೇ ಮೈಸೂರು ಪೇಪರ್ ಮಿಲ್ಸ್‌ಗಾಗಿ. ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದರೂ ಊರಿನ ಹೆಸರಿನಲ್ಲಿ ಕಾಗದ ಉಳಿದಿದೆ. ಕಾಗದ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ: ಮಲೆನಾಡಿನ ಮಳೆಗಾಲದಲ್ಲಿ ಬಿಚ್ಚಿಟ್ಟ ರಿಮ್ಮಿನ ಅಂಚು ಅಲೆ ಅಲೆಯಾಗುತ್ತದೆ. ಕಟ್ಟಿನ ಅಂಚಿಗೆ ಗಾಳಿಯ ತೇವ ಮೊದಲು ಸಿಗುತ್ತದೆ, ನಡುಭಾಗಕ್ಕೆ ಅಷ್ಟು ಬೇಗ ತಲುಪುವುದಿಲ್ಲ. ತೇವ ಹೀರಿದ ನಾರು ಹಿಗ್ಗುತ್ತದೆ, ಅದೂ ಉದ್ದಕ್ಕಿಂತ ಅಡ್ಡಕ್ಕೆ ಬಹಳ ಹೆಚ್ಚು. ಅಂಚಿನ ಉದ್ದ ಹೆಚ್ಚಾಯಿತು, ನಡುಭಾಗ ಇದ್ದಷ್ಟೇ ಇತ್ತು. ಹೆಚ್ಚಿದ ಉದ್ದಕ್ಕೆ ಸಮತಟ್ಟಿನಲ್ಲಿ ಜಾಗವಿಲ್ಲದೆ ಅದು ಮೇಲೆ ಕೆಳಗೆ ಏಳುತ್ತದೆ. ಬೇಸಿಗೆಯ ಒಣಹವೆಯಲ್ಲಿ ಇದು ತಿರುವುಮುರುವಾಗುತ್ತದೆ. ಅಂಚು ಕುಗ್ಗಿ ಬಿಗಿಯಾಗಿ, ನಡುಭಾಗ ಉಬ್ಬುತ್ತದೆ.

ಎಲೆಯ ಕಥೆಯೂ ಇದೇ. ಉತ್ಪಲ್ ನಾಥ್, ಎನ್ರಿಕೊ ಕೋಯೆನ್ ಮತ್ತು ಸಂಗಡಿಗರು 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಗಿಡದ ಸಿನ್ಸಿನಾಟಾ ಎಂಬ ಜೀನ್ ಕುರಿತು ಬರೆದರು. ಈ ಜೀನ್ ಕೆಲಸ ಮಾಡುವ ಗಿಡದಲ್ಲಿ ಎಲೆಯಂಚಿನ ಕೋಶಗಳು ಸಮಯಕ್ಕೆ ಸರಿಯಾಗಿ ವಿಭಜನೆ ನಿಲ್ಲಿಸುತ್ತವೆ, ಎಲೆ ಸಪಾಟಾಗಿರುತ್ತದೆ. ಜೀನ್ ಕೆಟ್ಟ ಗಿಡದಲ್ಲಿ ಅಂಚು ಹೆಚ್ಚು ಬೆಳೆದು ಎಲೆ ಸುಕ್ಕುಗಟ್ಟುತ್ತದೆ. ಎಲೆ ಸಪಾಟಾಗಿರುವುದೇ ಒಂದು ಸಾಧನೆ, ಅದಕ್ಕೆ ಹತೋಟಿ ಬೇಕು ಎಂಬುದು ಆ ಸಂಶೋಧನೆಯ ತಿರುಳು. ಉತ್ಪಲ್ ನಾಥ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಯ ಬೆಳವಣಿಗೆಯ ಅಧ್ಯಯನ ಮುಂದುವರಿಸಿದರು. ಇದಕ್ಕೆ ಒಂದು ವರ್ಷ ಮೊದಲು, 2002ರಲ್ಲಿ, ಎರಾನ್ ಶರೋನ್ ಮತ್ತು ಹ್ಯಾರಿ ಸ್ವಿನ್ನಿ ತಂಡ ಹರಿದ ಪ್ಲಾಸ್ಟಿಕ್ ಹಾಳೆಯ ಅಂಚಿನಲ್ಲೂ ಇಂಥದೇ ಅಲೆಗಳನ್ನು ತೋರಿಸಿತ್ತು. ಹರಿಯುವಾಗ ಅಂಚು ಎಳೆದು ಉದ್ದವಾಗುತ್ತದೆ, ಅಷ್ಟೇ ಸಾಕು. ಅಲ್ಲಿ ಜೀವವೂ ಬೇಕಿಲ್ಲ, ಜೀನೂ ಬೇಕಿಲ್ಲ.

ತಪ್ಪು ಕಲ್ಪನೆ 3: ಡಿಕ್ಕಿ ತಪ್ಪಿಸಲು ಪ್ರತಿ ಹೆಜ್ಜೆಯಲ್ಲೂ ಗೆರೆ ಗೆರೆಯನ್ನು ಕತ್ತರಿಸಿದೆಯೇ ಎಂದು ಹುಡುಕಬೇಕು

ವಾಸ್ತವ: ಕತ್ತರಿಸಿದ ಮೇಲೆ ಹುಡುಕಿದರೆ ತಡವಾಯಿತು, ಬಿಡಿಸುವುದು ಬಲು ಕಷ್ಟ. ಡಿಕ್ಕಿಗೆ ಎಡೆಯೇ ಇಲ್ಲದಂತೆ ಅಳತೆಗಳನ್ನು ಹೊಂದಿಸುವುದು ಸರಿಯಾದ ದಾರಿ. ಒಂದು ಬಿಂದು ಎದುರಿನ ತುಂಡನ್ನು ದಾಟಬೇಕಾದರೆ ಯಾವುದೋ ಕ್ಷಣದಲ್ಲಿ ಅದು ಆ ತುಂಡಿನ ಮೇಲೆಯೇ ಇರಬೇಕು. ತುಂಡಿನ ಉದ್ದ 6 ಮಿ.ಮೀ. ಮೀರದಿದ್ದರೆ, ಆ ಕ್ಷಣದಲ್ಲಿ ತುಂಡಿನ ಒಂದು ತುದಿಯಾದರೂ 3 ಮಿ.ಮೀ. ಒಳಗಿರುತ್ತದೆ. ಗೆರೆಯ ಮೇಲಿನ ಅಕ್ಕಪಕ್ಕದ ಬಿಂದುಗಳನ್ನು ಬಿಟ್ಟು ಉಳಿದ ಎಲ್ಲವುಗಳ ನಡುವೆ 10 ಮಿ.ಮೀ. ಅಂತರ ಕಾಯ್ದುಕೊಂಡರೆ ಆ ಕ್ಷಣ ಬರುವುದೇ ಇಲ್ಲ. ಗೆರೆಗೂ ಗೆರೆಗೂ ನಡುವೆ ಸುಮಾರು ಒಂಬತ್ತೂವರೆ ಮಿ.ಮೀ. ಜಾಗ ಉಳಿಯುತ್ತದೆ.

ಹೆಜ್ಜೆಯೂ ಚಿಕ್ಕದಿರಬೇಕು. ಒಂದೇ ಹೆಜ್ಜೆಗೆ ಬಿಂದು 12 ಮಿ.ಮೀ. ಜಿಗಿದರೆ ತಳ್ಳುವ ಬಲ ಎಚ್ಚರಗೊಳ್ಳುವ ಮೊದಲೇ ಅದು ಆಚೆ ಬದಿ ಸೇರಿರುತ್ತದೆ. ಹೆಜ್ಜೆಗೆ 1 ಮಿ.ಮೀ. ಮಿತಿ ಹಾಕಿದರೆ ಎದುರುಬದುರು ಬರುವ ಬಿಂದುಗಳಿಗೆ ದೂರ ಸರಿಯಲು ಹಲವು ಅವಕಾಶಗಳು ಸಿಗುತ್ತವೆ. ಗೆರೆ ಗೋಜಲಾದಾಗ ಹೆಚ್ಚಿನವರು ಬಲವನ್ನು ಇನ್ನಷ್ಟು ಏರಿಸುತ್ತಾರೆ. ಅದರಿಂದ ಜಿಗಿತ ಹೆಚ್ಚಾಗಿ ಗೋಜಲು ಹೆಚ್ಚುತ್ತದೆ. ಬಲ ಇಳಿಸಿ, ತುಂಡು ಚಿಕ್ಕದು ಮಾಡಿ, ತಾಳ್ಮೆಯಿಂದ ನೋಡಿ. ಡೇನಿಯಲ್ ಪೈಕರ್ ರೂಪಿಸಿದ ಕಾಂಗರೂ ಎಂಬ ಭೌತಬಲದ ಸಾಧನ ರೈನೋದ ಆರನೇ ಆವೃತ್ತಿಯಿಂದ ಗ್ರಾಸ್‌ಹಾಪರ್ ಜೊತೆಗೇ ಬರುತ್ತದೆ. ಬಿಂದುಗಳ ಸುತ್ತ ಗೋಲಗಳಿವೆ, ಅವು ಒಂದರೊಳಗೊಂದು ನುಗ್ಗಬಾರದು ಎಂದು ಅದರಲ್ಲಿ ಹೇಳಬಹುದು. ಆಗಲೂ ಗೋಲದ ಅಳತೆ ಮತ್ತು ತುಂಡಿನ ಉದ್ದದ ಲೆಕ್ಕ ನಿಮ್ಮದೇ.

ತಪ್ಪು ಕಲ್ಪನೆ 4: ಫಲಿತಾಂಶದ ತಂತಿಯನ್ನು ಮತ್ತೆ ಆರಂಭಕ್ಕೆ ಜೋಡಿಸಿದರೆ ಗೆರೆ ಬೆಳೆಯತೊಡಗುತ್ತದೆ

ವಾಸ್ತವ: ಗ್ರಾಸ್‌ಹಾಪರ್‌ನಲ್ಲಿ ಮಾಹಿತಿ ಎಡದಿಂದ ಬಲಕ್ಕೆ ಮಾತ್ರ ಹರಿಯುತ್ತದೆ. ತಂತಿಯನ್ನು ಹಿಂದಕ್ಕೆ ತಿರುಗಿಸಿದರೆ ಅದು ಒಪ್ಪುವುದಿಲ್ಲ, ದೋಷದ ಸೂಚನೆ ತೋರಿಸುತ್ತದೆ. ಆದರೆ ಬೆಳವಣಿಗೆಗೆ ನೆನಪು ಬೇಕು: ನಿನ್ನೆಯ ಆಕಾರದ ಮೇಲೆ ಇಂದಿನದು ನಿಲ್ಲಬೇಕು. ಅದಕ್ಕೆ ಎರಡು ದಾರಿಗಳಿವೆ. ಅನೆಮೊನಿ ಎಂಬ ಉಚಿತ ಪ್ಲಗ್‌ಇನ್ ಆವರ್ತನವನ್ನು (ಲೂಪ್) ಒದಗಿಸುತ್ತದೆ. ಇಲ್ಲವೇ ಗ್ರಾಸ್‌ಹಾಪರ್ ಒಳಗೇ ಪೈಥಾನ್ ಅಥವಾ ಸಿ-ಶಾರ್ಪ್‌ನಲ್ಲಿ ಚಿಕ್ಕ ಕೋಡ್ ಬರೆದು ಟೈಮರ್ ಜೋಡಿಸಬಹುದು. ಬಿಂದುಗಳ ಸಂಖ್ಯೆ ಪ್ರತಿ ಹೆಜ್ಜೆಗೂ ಬದಲಾಗುವ ಈ ಕೆಲಸಕ್ಕೆ ಎರಡನೆಯ ದಾರಿ ಹೆಚ್ಚು ನೇರ. ಕೋಡ್‌ಗೆ ಹೆದರುವವರು ನೆನಪಿಡಬೇಕಾದದ್ದು ಇಷ್ಟೇ: ಬರೆಯಬೇಕಾದ ನಿಯಮಗಳು ಮೂರೇ.

ತಪ್ಪು ಕಲ್ಪನೆ 5: ನಿಧಾನವಾಗುವುದು ಲ್ಯಾಪ್‌ಟಾಪ್ ತಪ್ಪು, ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕು

ವಾಸ್ತವ: ಪ್ರತಿ ಬಿಂದುವನ್ನೂ ಉಳಿದ ಎಲ್ಲ ಬಿಂದುಗಳೊಂದಿಗೆ ಹೋಲಿಸಿದರೆ, 1,000 ಬಿಂದುಗಳಿಗೆ 4,99,500 ಜೋಡಿಗಳ ಲೆಕ್ಕವಾಗುತ್ತದೆ. ಬಿಂದುಗಳು 10,000 ಆದಾಗ ಅದು 4,99,95,000, ಅಂದರೆ ಹೆಚ್ಚುಕಡಿಮೆ 5 ಕೋಟಿ. ಬಿಂದುಗಳು ಹತ್ತರಷ್ಟು, ಕೆಲಸ ನೂರರಷ್ಟು. ಯಾವ ಕಂಪ್ಯೂಟರ್ ತಂದರೂ ಈ ಲೆಕ್ಕ ಬೆನ್ನಟ್ಟುತ್ತದೆ. ಜಾಗವನ್ನು ಚೌಕಗಳಾಗಿ ಹಂಚಿ, ಪ್ರತಿ ಬಿಂದುವೂ ತನ್ನ ಚೌಕ ಮತ್ತು ಸುತ್ತಲ ಚೌಕಗಳಲ್ಲಷ್ಟೇ ಹುಡುಕುವಂತೆ ಮಾಡುವುದು ಇದಕ್ಕೆ ಪರಿಹಾರ. ಬೇರೆ ಊರಿನ ಮನೆ ಹುಡುಕಲು ಕಾಗದನಗರದ ಬೀದಿಗಳನ್ನು ಯಾರೂ ಸುತ್ತುವುದಿಲ್ಲವಲ್ಲ. ರೈನೋದಲ್ಲಿ ಆರ್-ಟ್ರೀ ಎಂಬ ಸಿದ್ಧ ವ್ಯವಸ್ಥೆ ಇದೇ ಕೆಲಸಕ್ಕಿದೆ. ಪ್ರತಿ ಹೆಜ್ಜೆಯನ್ನೂ ಪರದೆಯ ಮೇಲೆ ತೋರಿಸುವ ಬದಲು ಹತ್ತಕ್ಕೊಮ್ಮೆ ತೋರಿಸಿದರೂ ಸಾಕಷ್ಟು ಸಮಯ ಉಳಿಯುತ್ತದೆ.

ತಪ್ಪು ಕಲ್ಪನೆ 6: ಆರಂಭದ ಆಕಾರ ಎಷ್ಟು ಅಚ್ಚುಕಟ್ಟೋ ಅಷ್ಟು ಚೆನ್ನ

ವಾಸ್ತವ: ಎಲ್ಲೆಡೆ ಒಂದೇ ಸಮನಾದ ವೃತ್ತದಲ್ಲಿ ಎಲ್ಲ ಬಿಂದುಗಳ ಮೇಲೂ ಒಂದೇ ಬಲ ಬೀಳುತ್ತದೆ. ಯಾವುದು ಒಳಗೆ ಬಾಗಬೇಕು, ಯಾವುದು ಹೊರಗೆ ಎಂಬ ತೀರ್ಮಾನಕ್ಕೆ ಕಾರಣವೇ ಇರುವುದಿಲ್ಲ. ಆರಂಭದಲ್ಲಿ ಬಿಂದುಗಳನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಇಲ್ಲವೇ ಹೊಸ ಬಿಂದುಗಳನ್ನು ಅಲ್ಲಲ್ಲಿ ಯಾದೃಚ್ಛಿಕವಾಗಿ ಹುಟ್ಟಿಸಿ. ಯಾದೃಚ್ಛಿಕತೆಗೆ ಬಳಸಿದ ಸೀಡ್ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅದೇ ಗೆರೆಯನ್ನು ಮತ್ತೆ ಬೆಳೆಸಬಹುದು. ಯಾದೃಚ್ಛಿಕ ಎಂದರೆ ಹಿಡಿತ ತಪ್ಪಿದ್ದು ಎಂದಲ್ಲ.

ತಪ್ಪು ಕಲ್ಪನೆ 7: ಇದು ನಮ್ಮ ಚುಕ್ಕಿ ರಂಗೋಲಿಯೇ

ವಾಸ್ತವ: ಹತ್ತಿರದ ನೆಂಟಸ್ತಿಕೆ ಕಂಡರೂ ಎರಡೂ ಬೇರೆ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳು ಮೊದಲೇ ನಿಂತಿರುತ್ತವೆ, ಅವನ್ನು ಸುತ್ತುವ ಎಳೆ ತನ್ನನ್ನು ತಾನು ಹಲವು ಕಡೆ ದಾಟುತ್ತದೆ. ಬೆಳೆಯುವ ಗೆರೆಯಲ್ಲಿ ಬಿಂದುಗಳೇ ಚಲಿಸುತ್ತವೆ, ಹೆಚ್ಚುತ್ತವೆ, ದಾಟುವಿಕೆಗೆ ಅಲ್ಲಿ ಎಡೆಯಿಲ್ಲ. ನಿಯಮದಿಂದ ಆಕಾರ ಹುಟ್ಟುತ್ತದೆ ಎಂಬ ಅರಿವು ಮಾತ್ರ ಎರಡಕ್ಕೂ ಸಮಾನ. ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ತಮಿಳುನಾಡಿನ ಕೋಲಂ ರಂಗೋಲಿಯನ್ನು 1974ರಲ್ಲೇ ಕಂಪ್ಯೂಟರ್ ವ್ಯಾಕರಣದ ವಿಷಯವಾಗಿಸಿದ್ದರು. ಸಾಗರ, ಸೊರಬದ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದಲ್ಲಿ ಎಳೆಗೂ ಎಳೆಗೂ ನಡುವೆ ಕಾಯುವ ಅಂತರವನ್ನು ಕಂಡವರಿಗೆ, ಗೆರೆಯಷ್ಟೇ ಗೆರೆಗಳ ನಡುವಿನ ಜಾಗವೂ ಚಿತ್ರವೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಣ್ಣು ನಮ್ಮ ಜಿಲ್ಲೆಯ ಆಸ್ತಿ.

ತಪ್ಪು ಕಲ್ಪನೆ 8: ನೋಡಲು ಚೆಂದ, ಉಪಯೋಗವಿಲ್ಲ

ವಾಸ್ತವ: ಅಮೆರಿಕದ ನರ್ವಸ್ ಸಿಸ್ಟಮ್ ಎಂಬ ವಿನ್ಯಾಸ ಸಂಸ್ಥೆ 2014ರ ತನ್ನ ಫ್ಲೋರಾಫಾರ್ಮ್ ಯೋಜನೆಯಲ್ಲಿ ಇದೇ ಬೆಳವಣಿಗೆಯಿಂದ ಆಭರಣಗಳನ್ನು ರೂಪಿಸಿತು. ವಿಜ್ಞಾನದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಎಲ್. ಮಹದೇವನ್ ಮತ್ತು ಸಂಗಡಿಗರು 2011ರಲ್ಲಿ ಕರುಳು ಏಕೆ ಸುತ್ತಿಕೊಳ್ಳುತ್ತದೆ ಎಂಬುದನ್ನು ಹೀಗೆಯೇ ವಿವರಿಸಿದರು: ಕರುಳು ತನ್ನನ್ನು ಹಿಡಿದಿರುವ ಪೊರೆಗಿಂತ ವೇಗವಾಗಿ ಬೆಳೆಯುತ್ತದೆ. 2016ರಲ್ಲಿ ಅವರೂ ಟುವೊಮಾಸ್ ಟ್ಯಾಲಿನೆನ್ ಮತ್ತಿತರರೂ ಭ್ರೂಣದ ಮಿದುಳಿನ ಆಕಾರದ ಜೆಲ್ ಮಾದರಿಯನ್ನು ದ್ರವದಲ್ಲಿಟ್ಟಾಗ, ಹೊರಪದರ ಹಿಗ್ಗಿ ಮಿದುಳಿನಂಥದೇ ಮಡಿಕೆಗಳು ಮೂಡಿದವು.

ಊರಿನ ಮಟ್ಟದಲ್ಲೂ ಉಪಯೋಗವಿದೆ. ಲೇಸರ್ ಕಟಿಂಗ್‌ಗೆ ಕೊಡುವ ಗೆರೆ ತನಗೆ ತಾನು ತಾಕಿದರೆ ತುಂಡು ಕಳಚಿ ಬೀಳುತ್ತದೆ, ತೀರಾ ಹತ್ತಿರ ಬಂದರೆ ನಡುವಿನ ಎಳೆ ಮುರಿಯುತ್ತದೆ. ಬೆಳೆಯುವ ಗೆರೆಯಲ್ಲಿ ಕನಿಷ್ಠ ಅಂತರವನ್ನು ಮೊದಲೇ ಗೊತ್ತುಮಾಡಿರುತ್ತೇವೆ. ಆದ್ದರಿಂದ ಕಿಟಕಿಯ ಜಾಲಿ, ದೀಪದ ಹೊದಿಕೆ, ಕಸೂತಿಯ ನಮೂನೆ ಯಾವುದಕ್ಕೂ ವಸ್ತುವಿನ ಬಲಕ್ಕೆ ತಕ್ಕ ಅಳತೆ ಇಡಬಹುದು.

ತಪ್ಪು ಕಲ್ಪನೆ 9: ಬೆಂಗಳೂರಿನ ಕೋರ್ಸ್ ಮತ್ತು ದುಬಾರಿ ಪರವಾನಗಿ ಇಲ್ಲದೆ ಸಾಧ್ಯವಿಲ್ಲ

ವಾಸ್ತವ: ರೈನೋವನ್ನು 90 ದಿನ ಪೂರ್ಣವಾಗಿ, ಹಣ ಕೊಡದೆ ಬಳಸಿ ನೋಡಬಹುದು. ಬ್ಲೆಂಡರ್ ಎಂಬ ತಂತ್ರಾಂಶ ಎಂದೆಂದಿಗೂ ಉಚಿತ. 2023ರ 3.6 ಆವೃತ್ತಿಯಿಂದ ಅದರಲ್ಲಿ ಹಿಂದಿನ ಹೆಜ್ಜೆಯನ್ನು ನೆನಪಿಟ್ಟು ಮುಂದುವರಿಯುವ ಸಿಮ್ಯುಲೇಷನ್ ನೋಡ್‌ಗಳಿವೆ. ಕಲಾವಿದರಿಗಾಗಿಯೇ 2001ರಲ್ಲಿ ಆರಂಭವಾದ ಪ್ರೊಸೆಸಿಂಗ್ ಎಂಬ ಕೋಡಿಂಗ್ ಸಾಧನ ಕೂಡ ಉಚಿತ, ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಗ್ರಾಫ್ ಹಾಳೆ, ಪೆನ್ಸಿಲ್. ಹನ್ನೆರಡು ಬಿಂದುಗಳ ಒಂದು ಸುತ್ತು ಬರೆಯಿರಿ. ಮೂರು ನಿಯಮಗಳನ್ನು ಕೈಯಿಂದಲೇ ಕೆಲವು ಹೆಜ್ಜೆ ನಡೆಸಿ. ಬಿಂದು ಏಕೆ ಸರಿಯಿತು ಎಂದು ಪಕ್ಕದಲ್ಲಿ ಕುಳಿತವರಿಗೆ ವಿವರಿಸಿ. ನಂತರ ಅದನ್ನೇ ಕೋಡ್‌ನಲ್ಲಿ ಬರೆಯಿರಿ. ಅಂತರ, ತುಂಡಿನ ಮಿತಿ, ಹೆಜ್ಜೆ, ಇವುಗಳಲ್ಲಿ ಒಮ್ಮೆಗೆ ಒಂದನ್ನೇ ಬದಲಿಸಿ ಫಲಿತಾಂಶವನ್ನು ಟಿಪ್ಪಣಿ ಮಾಡಿ. ಹೀಗೆ ಕಲಿತವರು ಬೇರೆಯವರ ಚಿತ್ರವನ್ನು ನಕಲಿಸುವುದಕ್ಕೆ ನಿಲ್ಲುವುದಿಲ್ಲ. ಒಂದು ಬದಿಗೆ ಮಾತ್ರ ಬೆಳವಣಿಗೆ ಕೊಟ್ಟರೆ ಏನಾದೀತು, ಗೆರೆಗೆ ಗೋಡೆ ಅಡ್ಡ ಬಂದರೆ ಹೇಗೆ ತಿರುಗೀತು, ತೇವ ಹೀರಿದ ಕಾಗದದ ಅಂಚನ್ನು ಈ ಲೆಕ್ಕ ಹೇಳಬಲ್ಲದೇ ಎಂದು ಅವರು ತಮ್ಮದೇ ಪ್ರಶ್ನೆಗಳನ್ನು ಕೇಳತೊಡಗುತ್ತಾರೆ. ಭದ್ರಾವತಿಯಲ್ಲಿ ಕುಳಿತ ವಿದ್ಯಾರ್ಥಿಗೆ ಆ ಪ್ರಶ್ನೆ ಕೇಳುವ ಹಕ್ಕೂ ಇದೆ, ಉತ್ತರ ಹುಡುಕುವ ಸಾಧನವೂ ಇದೆ.